ಬಾನಾ ಮುಸೊಂಡಾಗೆ ಕಟ್ಟಿದ ಹಾಡು

ಆ ಶನಿವಾರ ಮುಸೊಂಡಾ ಹೊತ್ತಿಗೆ ಸರಿಯಾಗಿ ತಲುಪಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಚಂಬೋಲಿ ಬಡಾವಣೆಯಿಂದ ಗಣಿಯೂರು ಕಿಟ್ವೆಯ ಪೇಟೆಗೆ ಹೋಗುವ ಮಿನಿಬಸ್ಸುಗಳ ಜಾಯಮಾನವೇ ಹಾಗೆ. ಕಟ್ಟಕಡೆಯ ಸೀಟಿಗೂ ಒಬ್ಬರು ಸಿಗುವ ತನಕ ಜಪ್ಪಯ್ಯ ಅಂದರೂ ಹೊರಡುವುದಿಲ್ಲ. ಯಾರದೋ ಜೋಳದ ಹಿಟ್ಟಿನ ಮೂಟೆ ಅವಳ ಕಾಲ ಮೇಲೆ ಕೂತಿತ್ತು, ಯಾರದೋ ಮಗು ಅವಳ ಜಡೆ ಎಳೆಯುತ್ತಿತ್ತು, ಅವಳು ಮಾತ್ರ ಫೋನು ಕಿವಿಗಿಟ್ಟುಕೊಂಡು ಒದ್ದಾಡುತ್ತಿದ್ದಳು.

"ಬಾ ಕಂಡಕ್ಟರ್, ಹೊರಡಿಸ್ರೀ. ನಂಗೆ ತುಂಬಾ ಅರ್ಜೆಂಟಿದೆ," ಎಂದಳು. ನಮ್ಮಲ್ಲಿ ಗೌರವಕ್ಕೆ ಹೆಸರಿನ ಮುಂದೆ "ಬಾ" ಸೇರಿಸುತ್ತೇವೆ.

"ಅರ್ಜೆಂಟಿದ್ರೆ ನಡ್ಕೊಂಡ್ಹೋಗು ತಂಗಿ, ದೇವ್ರು ಕಾಲು ಕೊಟ್ಟಿದಾನಲ್ಲ. ಇನ್ನೂ ಮೂರು ಜನ ಬರ್ಬೇಕು."

ಪೇಟೆಯ ಕಂಪ್ಯೂಟರ್ ಬಳಗ ನಡೆಸುವ ಜೆರೆಯ ಫೋನು ಸ್ವಿಚ್ ಆಫ್. ಆಗದೆ ಇನ್ನೇನು? ಗುರುವಾರದಿಂದ ಊರಿನ ಅರ್ಧ ಭಾಗಕ್ಕೆ ಕರೆಂಟಿರಲಿಲ್ಲ. ಹಾಳಾದ ಕರೆಂಟು ಆ ಬೆಳಿಗ್ಗೆ ತಾನೇ ಬಂದಿತ್ತು. ಯಾರ ಫೋನಿನಲ್ಲಿ ಜೀವ ಇರಬೇಕು ಹೇಳಿ.

ಅವಳ ಈ ಅವಸರಕ್ಕೆ ಕಾರಣ ಒಂದು ಹಾಡು. ಅವಳ ತಂದೆ ಬಾ ಕಲಬಾ ಗಣಿಯೊಳಗೆ ದುಡಿದವರು, ಭಾನುವಾರ ಚರ್ಚಿನ ಗಾಯನ ತಂಡ ನಡೆಸಿದವರು. ಜೀವಮಾನವಿಡೀ ಹಾಡು ಕಟ್ಟಿದರು, ಒಂದನ್ನೂ ಬರೆದಿಡಲಿಲ್ಲ. ಬಾಯಿಂದ ಬಾಯಿಗೆ ಕಲಿಸುವುದಷ್ಟೇ. ಅದೂ ಎಲ್ಲ ದೇವರ ಹಾಡುಗಳೇ. ಅವಳ ಅಮ್ಮ, ಊರೆಲ್ಲ ಮಗಳ ಹೆಸರು ಹಿಡಿದು ಬಾನಾ ಮುಸೊಂಡಾ ಎಂದು ಕರೆಯುವ ಹೆಂಗಸು, ಇದಕ್ಕಾಗಿ ಗಂಡನನ್ನು ಚುಚ್ಚದ ದಿನವಿಲ್ಲ.

"ದೇವ್ರಿಗೆ ಅಷ್ಟೊಂದು ಹಾಡು ಕಟ್ಟಿದೀರಿ. ದಿನಾ ನ್ಶಿಮಾ ಮುದ್ದೆ ತಿರುವಿ ಹಾಕೋಳಿಗೆ ಒಂದೂ ಇಲ್ವಾ? ದೇವ್ರೇನು ಬಂದು ನಿಮ್ಮ ಅಂಗಿ ಒಗೀತಾನಾ?"

"ನಿಂಗೆ ಹಾಡು ಕಟ್ಟಿದ್ರೆ ದೇವ್ರಿಗೆ ಹೊಟ್ಟೆಕಿಚ್ಚಾಗುತ್ತೆ ಕಣೇ," ಎಂದು ಅವರು ನಕ್ಕುಬಿಡುತ್ತಿದ್ದರು.

ಕೊನೆಗೆ ಗಣಿಯ ಧೂಳು ಅವರ ಎದೆ ತುಂಬಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಅಮ್ಮ ಊಟ ತರಲು ಹೋಗಿದ್ದಾಗ, ಮಗಳ ಕೈಗೆ ತಮ್ಮ ಫೋನು ಕೊಟ್ಟು ಬಾಯಿಯ ಹತ್ತಿರ ಹಿಡಿಯಲು ಹೇಳಿದರು. ಒಂದು ಸಾಲು ಹಾಡುವುದು, ಉಸಿರು ಎಳೆಯುವುದು, ಮತ್ತೊಂದು ಸಾಲು. ಮುಸೊಂಡಾಳ ಅರ್ಧ ಪ್ರಾಣ ಅವರ ಉಸಿರಿನ ಮೇಲೆ, ಇನ್ನರ್ಧ ದಾದಿ ಬರುತ್ತಾಳೋ ಎಂದು ಬಾಗಿಲ ಮೇಲೆ. ಹಾಡಿನ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಇದು ನಿಮ್ಮಮ್ಮಂಗೆ," ಎಂದರು. "ಈಗ್ಲೇ ಕೊಡ್ಬೇಡ, ಬರೀ ಅಳ್ತಾಳೆ. ನನ್ನ ನೆನಪಿನ ಪ್ರಾರ್ಥನೆ ದಿನ ಜನ ಎಲ್ಲ ಕೂತಿರ್ತಾರಲ್ಲ, ಆಗ ಹಾಕು. ಎಲ್ಲರ ಮುಂದೆ ಸ್ವಲ್ಪ ನಾಚ್ಕೊಳ್ಳಲಿ ಅವಳು."

ಅವರು ಹೋದ ಮೇಲೆ ನಮ್ಮವರ ಪದ್ಧತಿಯಂತೆ ಅವರ ಸಾಮಾನೆಲ್ಲ ಅವರ ಅಕ್ಕನ ಮಗ ಚೋಲಾಗೆ ಸೇರಿತು. ಕೋಟು, ರೇಡಿಯೋ, ಫೋನು. ಚೋಲಾ ಕೆಟ್ಟವನಲ್ಲ, ಆದರೆ ಫೋನು ಕೈಗೆ ಬಂದ ವಾರದೊಳಗೆ ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಯಾರಿಗೋ ಕೊಟ್ಟು ಹೊಸದೊಂದು ತಂದುಕೊಂಡ. ಅದಕ್ಕೆ ಮೊದಲೇ ಮುಸೊಂಡಾ ಹಾಡನ್ನು ತೆಗೆದು ತಾನು ಸೇರಿದ್ದ ಕ್ಲೌಡ್ ಬಳಗದ ಯಂತ್ರಗಳಲ್ಲಿ ಇಟ್ಟಿದ್ದಳು. ತನ್ನ ಫೋನಿನಲ್ಲೂ ಒಂದು ಇಟ್ಟುಕೊಳ್ಳಬಾರದಿತ್ತೇ? ಆಮೇಲೆ ಎಲ್ಲರೂ ಅವಳನ್ನು ಕೇಳಿದ್ದು ಇದನ್ನೇ. ಕೈಗೆ ಸಿಗುವಂತಿದ್ದರೆ ತಾನು ತಡೆದುಕೊಳ್ಳಲಾರೆ, ಅಮ್ಮನಿಗೆ ಕೇಳಿಸಿಬಿಡುತ್ತೇನೆ ಎಂಬ ಭಯ ಅವಳಿಗೆ. ಫೋನನ್ನು ಕದಿಯುತ್ತಾರೆ, ಬೀಳಿಸುತ್ತೇವೆ. ಬಳಗದಲ್ಲಿಟ್ಟದ್ದು ಸಾಯುವುದಿಲ್ಲ ಎಂದು ಅವಳು ಮನಸಾರೆ ನಂಬಿದ್ದಳು, ಪಾಪ.

ಆ ಬಳಗ ಸೇರುವುದು ಪೇಟೆಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ, ತಿಂಗಳಿಗೊಂದು ಶನಿವಾರ. ಬರುವವರು ಹೆಚ್ಚಾಗಿ ವಿದ್ಯಾರ್ಥಿಗಳು. ಮುಚ್ಚಿಹೋದ ಯಾವುದೋ ಕಚೇರಿಯ ಮೂರು ಹಳೆಯ ಸರ್ವರ್‌ಗಳನ್ನು ಜೆರೆ ಎತ್ತಿಕೊಂಡು ಬಂದು, ಧೂಳು ಒರೆಸಿ, ಒಂದಕ್ಕೊಂದು ಜೋಡಿಸಿ ಕ್ಲೌಡ್ ಕಟ್ಟಿದ್ದ. ಮೂರಕ್ಕೂ ಮೀನಿನ ಹೆಸರು: ಕಪೆಂಟಾ, ಬ್ರೀಮ್, ಬಾರ್ಬೆಲ್. ಜೆರೆ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವ, ಮೂವತ್ತು ದಾಟಿದ ಉದ್ದನೆಯ ಆಳು, ಬಾಯಿ ತೆರೆದರೆ ಚೇಷ್ಟೆ.

"ದೊಡ್ಡ ಕಂಪನಿಯೋರ ಹತ್ರ ಹೋಗಿ ಬಾಡಿಗೆಗೆ ಬೇಡ್ಬೇಕಿಲ್ಲ," ಎಂದು ಹೊಸಬರಿಗೆ ಹೇಳುತ್ತಿದ್ದ. "ಇದ್ರ ತಂತ್ರಾಂಶ ಲೋಕದ ಜನ ಎಲ್ಲ ಸೇರಿ ಬರ್ದಿದ್ದು. ನೀವೂ ಬರೀಬಹುದು, ತಿದ್ದಬಹುದು. ಇಲ್ಲಿಟ್ಟದ್ದು ಮೂರು ಕಡೆ ಇರುತ್ತೆ. ಒಂದು ಸತ್ರೆ ಉಳಿದೆರಡು ಸೇರಿ ಅದನ್ನ ಎಬ್ಬಿಸ್ತವೆ. ನಂಬಲ್ವಾ? ಯಾವ್ದನ್ನ ಕೊಲ್ಲಲಿ, ಹೇಳಿ."

ಇದೇ ಅವನ ಆಟ. ಹೊಸಬರು ಒಂದು ಯಂತ್ರ ತೋರಿಸಬೇಕು. ಜೆರೆ ಒಂದೇ ಒಂದು ಕಮಾಂಡ್ ಒತ್ತಿ ಅದನ್ನು ಬೋಳು ಮಾಡಿಬಿಡುತ್ತಿದ್ದ. ಸುಮ್ಮನೆ ಅಳಿಸುವುದಲ್ಲ, ಒಂದು ಚೂರೂ ಉಳಿಯದಂತೆ ಸೊನ್ನೆ ತುಂಬಿಸುವುದು. ಸ್ವಲ್ಪ ಹೊತ್ತಿನಲ್ಲಿ ಉಳಿದೆರಡರಿಂದ ಎಲ್ಲವೂ ಹರಿದು ಬಂದು ಸತ್ತದ್ದು ಎದ್ದು ಕೂರುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಈ ಆಟದಲ್ಲಿ ಮುಸೊಂಡಾಗೂ ಒಂದು ಪಾತ್ರವಿತ್ತು. ಜೆರೆ ಎಂಗೋನಿ, ಅವಳು ಬೆಂಬಾ. ಈ ಎರಡು ಕುಲದವರು ಅಜ್ಜಂದಿರ ಕಾಲದಲ್ಲಿ ಭರ್ಜಿ ಹಿಡಿದು ಹೊಡೆದಾಡಿದವರಂತೆ. ಭರ್ಜಿ ಹೋಯಿತು, ಬೈಗುಳ ಉಳಿಯಿತು. ಈಗ ಬೆಂಬಾ ಕಂಡರೆ ಎಂಗೋನಿ ಬಯ್ಯಬೇಕು, ಎಂಗೋನಿ ಕಂಡರೆ ಬೆಂಬಾ ಹಂಗಿಸಬೇಕು: ಬೆಂಬಾಗಳು ಕೋತಿ ತಿನ್ನುವವರು, ಎಂಗೋನಿಗಳು ಇಲಿ ತಿನ್ನುವವರು. ಕೋಪ ಮಾಡಿಕೊಂಡವರೇ ದಡ್ಡರು. ಸಾವಿನ ಮನೆಯಲ್ಲಂತೂ ಅದು ಕರ್ತವ್ಯ. ಬಾ ಕಲಬಾ ತೀರಿಕೊಂಡಾಗ ಜೆರೆ ಬಂದು ಶವಪೆಟ್ಟಿಗೆಗೆ ಅಡ್ಡ ಮಲಗಿ, "ಇವ್ನು ಸತ್ತಿಲ್ಲ, ನ್ಶಿಮಾ ಜಾಸ್ತಿಯಾಗಿ ಮಲಗಿದಾನೆ ಕೋತಿ ತಿನ್ನೋನು, ಎಬ್ಬಿಸ್ರೋ" ಎಂದು ರಂಪ ಮಾಡಿದ್ದ. ಬಾನಾ ಮುಸೊಂಡಾ ಅಳುವಿನ ನಡುವೆ ಮೊದಲ ಸಲ ನಕ್ಕದ್ದು ಆಗಲೇ.

ಹೀಗಾಗಿ ಸಭೆಯಲ್ಲಿ ಜೆರೆ ಕೊಲ್ಲಲು ಕೈ ಎತ್ತಿದೊಡನೆ ಮುಸೊಂಡಾ ಹಿಂದಿನಿಂದ ಎದೆ ಬಡಿದುಕೊಂಡು ಕೂಗಬೇಕು: "ಬೇಡ್ವೋ ಎಂಗೋನಿ! ಅದ್ರೊಳಗೆ ನಮ್ಮಜ್ಜಿ ಇದಾಳೆ!" ಜೆರೆ, "ನಿಮ್ಮಜ್ಜಿನ ನಮ್ಮಜ್ಜ ಆಗ್ಲೇ ತಿಂದಾಯ್ತು" ಎಂದು ಒತ್ತಬೇಕು. ಪ್ರತಿ ತಿಂಗಳೂ ಅದೇ. ಜನ ಅದಕ್ಕೇ ಕಾಯುತ್ತಿದ್ದರು.

ಆ ವಾರ ಯಂತ್ರಗಳನ್ನು ನೋಡಿಕೊಳ್ಳುವ ಸರದಿ ಮುಸೊಂಡಾಳದು. ತಂತ್ರಾಂಶದ ಹೊಸ ಆವೃತ್ತಿ ಬಂದಿತ್ತು. ಇದ್ದದ್ದನ್ನೆಲ್ಲ ಬಾರ್ಬೆಲ್‌ಗೆ ಸಾಗಿಸಿ, ಕಪೆಂಟಾ ಮತ್ತು ಬ್ರೀಮ್ ಖಾಲಿ ಮಾಡಿ ಹೊಸದನ್ನು ಹಾಕು, ಆಮೇಲೆ ಮೂರಕ್ಕೂ ಹಂಚು ಎಂದು ಜೆರೆಯೇ ಹೇಳಿದ್ದ. ಗುರುವಾರ ಅವಳು ಅರ್ಧ ಕೆಲಸ ಮುಗಿಸಿದ್ದಳು. ಎರಡು ಯಂತ್ರ ಬರಿದಾಗಿದ್ದವು, ಎಲ್ಲವೂ ಬಾರ್ಬೆಲ್ ಒಂದರಲ್ಲೇ ಇತ್ತು. ಇನ್ನೇನು ಹಂಚಬೇಕು, ಕರೆಂಟು ಹೋಯಿತು. ಬಂದೀತು ಬಂದೀತೆಂದು ಕಾದಳು, ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಶನಿವಾರ ಬೇಗ ಹೋಗಿ ಮೊದಲು ಹಂಚಿಬಿಡುತ್ತೇನೆ ಅಂದುಕೊಂಡಳು. ಜೆರೆ ಕೆಲಸ ಮುಗಿದಿದೆ ಅಂದುಕೊಂಡ. ಇಬ್ಬರೂ ಅಂದುಕೊಂಡರು, ಯಾರೂ ಕೇಳಲಿಲ್ಲ.

ಅಂತೂ ಮಿನಿಬಸ್ಸು ಪೇಟೆಗೆ ಬಂತು. ಅವಳು ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ನಗು ಕೇಳಿಸಿತು. ಅವಳು ಎರಡೆರಡು ಮೆಟ್ಟಿಲು ಹಾರಿದಳು. ಕೋಣೆ ಕಿಕ್ಕಿರಿದಿತ್ತು. ಹೊಸ ಮುಖಗಳು ನೆಲದ ಮೇಲೂ ಕೂತಿದ್ದವು. ಎದುರಿಗೆ ಜೆರೆ, ಅಂಗಿಯ ತೋಳು ಮಡಚಿಕೊಂಡು, ಕಟುಕನ ಠೀವಿಯಲ್ಲಿ ನಿಂತಿದ್ದ.

"ಯಾವ್ದನ್ನ ಕೊಲ್ಲಲಿ?"

"ಬಾರ್ಬೆಲ್! ಬಾರ್ಬೆಲ್!" ಎಂದು ಹುಡುಗರು ಕೂಗಿದರು. ಹೆಸರು ಹೇಳಲು ಚೆನ್ನಾಗಿತ್ತು ಅಂತ ಕಾಣುತ್ತದೆ.

"ಬೇಡ!" ಮುಸೊಂಡಾ ಬಾಗಿಲಲ್ಲೇ ಕಿರುಚಿದಳು. "ಬಾ ಜೆರೆ, ಬೇಡ! ಅದನ್ನ ಮುಟ್ಬೇಡಿ! ಎಲ್ಲಾ ಅದ್ರಲ್ಲೇ ಇದೆ!"

ಕೋಣೆಯೆಲ್ಲ ಹೋ ಎಂದು ನಕ್ಕಿತು. ಜೆರೆಯ ಮುಖ ಅರಳಿತು. "ಬಂದ್ಳಪ್ಪಾ! ನಾನು ಇವತ್ತು ಈ ಕೋತಿ ಕುಲದೋಳು ಬರಲ್ಲ ಅಂತ ಹೆದರ್ಕೊಂಡಿದ್ದೆ."

"ತಮಾಷೆ ಅಲ್ಲ! ಉಳಿದೆರಡು ಖಾಲಿ ಇದಾವೆ! ನಮ್ಮಪ್ಪ ಇದಾರೆ ಅದ್ರೊಳಗೆ, ನಮ್ಮಪ್ಪನ ಹಾಡಿದೆ!"

"ಹೋದ ತಿಂಗಳು ಅಜ್ಜಿ, ಈ ತಿಂಗಳು ಅಪ್ಪ," ಎಂದ ಜೆರೆ ಜನರ ಕಡೆ ತಿರುಗಿ. "ಬೆಂಬಾಗಳ ವಂಶಾನೇ ಇಲ್ಲಿ ಬಾಡಿಗೆಗಿದೆ ನೋಡ್ರಪ್ಪಾ."

ಅವಳು ಕೂತವರ ಕಾಲು ತುಳಿದುಕೊಂಡು ಮುನ್ನುಗ್ಗಿದಳು. ಅವಳ ಗೆಳತಿ ನಮುಕೊಲೊ ಆಟಕ್ಕೆ ರಂಗು ತುಂಬೋಣವೆಂದು ಹಿಂದಿನಿಂದ ಸೊಂಟ ಹಿಡಿದು ಎತ್ತಿಬಿಟ್ಟಳು. ಮುಸೊಂಡಾ ಗಾಳಿಯಲ್ಲಿ ಕಾಲು ಝಾಡಿಸಿದಳು, ಅತ್ತಳು, ನಮುಕೊಲೊಳ ಕೈ ಪರಚಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಚೆನ್ನಾಗಿ ಅವಳು ಎಂದೂ ಆಡಿರಲಿಲ್ಲ.

"ನಿಮ್ಮಪ್ಪನ್ನೂ ತಿಂದೆ ಕಣೇ," ಎಂದು ಜೆರೆ ಒತ್ತಿದ.

ಪರಚಿದ ಕೈಯಲ್ಲಿ ರಕ್ತ ಕಂಡ ಮೇಲೆ ನಮುಕೊಲೊ ಅವಳನ್ನು ಕೆಳಗಿಳಿಸಿದಳು. ಆ ಹೊತ್ತಿಗೆ ಪರದೆಯ ಮೇಲೆ ಬಾರ್ಬೆಲ್ ಬೋಳಾಗಿತ್ತು. ಜೆರೆ ಎಂದಿನಂತೆ ಕೈ ಕಟ್ಟಿಕೊಂಡು ಕಾದ. ಯಂತ್ರ ಎದ್ದಿತು, ಪಕ್ಕದವರನ್ನು ಕೇಳಿತು. ಪಕ್ಕದವರ ಹತ್ತಿರ ಏನೂ ಇರಲಿಲ್ಲ. ಅವನು ಏನೋ ಒತ್ತಿದ, ಮತ್ತೆ ಒತ್ತಿದ. ಆಮೇಲೆ ತಿರುಗಿ ಮುಸೊಂಡಾಳ ಮುಖ ನೋಡಿದ. ಮಕ್ಕಳು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

"ಹಂಚಿರ್ಲಿಲ್ವಾ?" ಎಂದು ಕೇಳಿದ, ಬರೀ ತುಟಿಯಲ್ಲಿ.

ಅವಳು ಇಲ್ಲ ಎಂದು ತಲೆಯಾಡಿಸಿದಳು.

ನೆನಪಿನ ಪ್ರಾರ್ಥನೆಗೆ ಉಳಿದಿದ್ದ ಆ ಒಂದು ವಾರ ಅವರಿಬ್ಬರೂ ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಜೆರೆ ರಜೆ ಹಾಕಿ ಬಾರ್ಬೆಲ್‌ನ ಡಿಸ್ಕ್ ಬಿಚ್ಚಿ ಇಂಚಿಂಚೂ ಜಾಲಾಡಿದ. ಬೇರೆ ದೇಶದಲ್ಲಿ ಕೂತು ಇದೇ ತಂತ್ರಾಂಶ ಬರೆಯುವವರಿಗೆ ಕೇಳಿ ಬರೆದ. ಅವರು ಒಳ್ಳೆಯ ಜನ, ತಕ್ಷಣ ಉತ್ತರ ಕೊಟ್ಟರು, ಎಲ್ಲರದ್ದೂ ಒಂದೇ ಉತ್ತರ. ಸೊನ್ನೆ ತುಂಬಿಸಿದ ಮೇಲೆ ಮುಗಿಯಿತು. ಅವನ ಕೈಕೆಲಸ ಅಷ್ಟು ಚೊಕ್ಕವಾಗಿತ್ತು, ಸುಡುಗಾಡು. ಚೋಲಾನ ಹಳೆಯ ಫೋನು ಹುಡುಕಿಕೊಂಡು ಹೋದರೆ ಅದು ಕೈಯಿಂದ ಕೈಗೆ ದಾಟಿ ಗಡಿಯಾಚೆ ಕಾಂಗೋ ಸೇರಿತ್ತು. ಸಿಕ್ಕಿದ್ದರೂ ಅದರಲ್ಲೇನಿರುತ್ತಿತ್ತು, ಮಣ್ಣು.

ವಿಚಿತ್ರ ನೋಡಿ, ಆ ವಾರ ಜೆರೆ ಅವಳನ್ನು ಒಂದು ಸಲವೂ ಬಯ್ಯಲಿಲ್ಲ. "ಮುಸೊಂಡಾ" ಎಂದು ಮೆತ್ತಗೆ ಹೆಸರು ಹಿಡಿದು ಕರೆದ. ಅದನ್ನು ಕೇಳಿದಾಗೆಲ್ಲ ಅವಳಿಗೆ ಅಳು ಒತ್ತರಿಸಿ ಬರುತ್ತಿತ್ತು.

"ನೀನು ಕೂಗಿದ್ದು ನಂಗೆ ಕೇಳಿಸ್ತು," ಎಂದ ಒಮ್ಮೆ. "ಒಂದೊಂದು ಮಾತೂ ಕೇಳಿಸ್ತು. ಅದೇ ನನ್ನ ಕೊಲ್ತಿದೆ."

"ನಾನೂ ತಿಂಗ್ಳು ತಿಂಗ್ಳು ಸುಳ್ಳು ಕೂಗಿದ್ನಲ್ಲ ಬಾ ಜೆರೆ."

"ಅಮ್ಮಂಗೆ ನಾನೇ ಹೇಳ್ತೀನಿ. ಕೊಂದೋನು ನಾನು. ನೀನು ಬಾಯಿ ಬಿಡ್ಬೇಡ."

ಅವಳು ಒಪ್ಪಿದಳು. ಹೇಡಿತನವೆನ್ನಿ, ಬೇಕಾದರೆ. ಮನೆಯಲ್ಲಿ ಬಾನಾ ಮುಸೊಂಡಾ ಹಬ್ಬದ ಸಂಭ್ರಮದಲ್ಲಿದ್ದಳು. ಹಾಡು ಇದೆ ಎಂಬುದಷ್ಟೇ ಅವಳಿಗೆ ಗೊತ್ತು. ಸಾಯುವ ಮುಂಚೆ ಗಂಡನೇ, "ನಿಂಗೊಂದು ಇಟ್ಟಿದೀನಿ, ಮಗಳ ಹತ್ರ ಇದೆ, ಆತುರ ಬೇಡ" ಎಂದಿದ್ದರು. ಅದಕ್ಕೆಂದೇ ಚಿತೆಂಗೆ ಎಂಬ ಬಣ್ಣದ ಅಚ್ಚಿನ ಹೊಸ ಬಟ್ಟೆ ತಂದು ಹೊಲಿಸಿಕೊಂಡಿದ್ದಳು. ಗಾಯನ ತಂಡದ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು: "ನನ್ನ ಮೇಲೆ ಕಟ್ಟಿದಾರಂತೆ ಕಣ್ರೇ. ಏನು ಬೈದಿದಾರೋ ಏನೋ."

ಭಾನುವಾರ ಮನೆಯಲ್ಲಿ ನೆನಪಿನ ಪ್ರಾರ್ಥನೆ ಮುಗಿಯಿತು. ಅಂಗಳದಲ್ಲಿ ಗಂಡಸರು ಬೆಂಚಿನ ಮೇಲೆ, ಹೆಂಗಸರು ಚಾಪೆಯ ಮೇಲೆ ಕೂತರು. ಪಾದ್ರಿ ಎರಡು ಮಾತಾಡಿದರು, ತಂಡ ಬಾ ಕಲಬಾರ ಹಳೆಯ ಹಾಡೊಂದು ಹಾಡಿತು. ಆಗ ಜೆರೆ ಎದ್ದು ನಡುವೆ ಬಂದು ನಿಂತ. ಅವನು ಎದ್ದದ್ದೇ ತಡ, ಜನರ ಮುಖದಲ್ಲಿ ನಗೆ ಮೂಡಿತು.

"ಬಂತಪ್ಪಾ ಎಂಗೋನಿ," ಎಂದರು ಯಾರೋ. "ಇಲಿ ಬೇಯಿಸಿಲ್ಲ ಕಣಯ್ಯಾ, ಕೋಳಿ ಇದೆ, ಅಡ್ಜಸ್ಟ್ ಮಾಡ್ಕೋ."

ಜೆರೆ ನಗಲಿಲ್ಲ. ಬಾನಾ ಮುಸೊಂಡಾಳ ಎದುರು ಮಂಡಿಯೂರಿದ. "ಬಮಾಯೋ," ಎಂದ, ಅಮ್ಮಾ ಎಂದು. "ನಿಮ್ಮ ಯಜಮಾನ್ರು ನಿಮಗೆ ಒಂದು ಹಾಡು ಬಿಟ್ಟು ಹೋಗಿದ್ರು. ಅದನ್ನ ನಾನು ಕೊಂದೆ. ನನ್ನ ಕೈಯಾರೆ ಅಳಿಸಿದೆ. ಇನ್ನು ಅದು ಇಲ್ಲ."

ಜನ ಮುಖ ಮುಖ ನೋಡಿಕೊಂಡರು. ಆಮೇಲೆ ಅಂಗಳವೇ ಬಿರಿದು ಹೋಗುವಂತೆ ನಕ್ಕರು. ಮುದುಕರೊಬ್ಬರು ತೊಡೆ ತಟ್ಟಿಕೊಂಡರು. "ಗಂಡನ್ನ ತಿಂದ, ಈಗ ಹಾಡನ್ನೂ ತಿಂದ! ಇವ್ನ ಹೊಟ್ಟೆ ಏನ್ರೋ ಅದು!"

"ನಿಜ ಹೇಳ್ತಿದೀನಿ," ಎಂದ ಜೆರೆ. ಅವನ ಕಣ್ಣಲ್ಲಿ ನೀರು ಇಳಿಯಿತು.

"ಕಣ್ಣೀರು ನೋಡ್ರೇ ಕಣ್ಣೀರು!" ಬಾನಾ ಮುಸೊಂಡಾ ನಕ್ಕು ನಕ್ಕು ಸುಸ್ತಾಗಿ ತನ್ನ ಕಣ್ಣೂ ಒರೆಸಿಕೊಂಡಳು, ಅವನ ತಲೆಗೆ ಮೊಟಕಿದಳು. "ನಿಮ್ಮಪ್ಪನ ಸಾವಿಗೂ ಇಷ್ಟು ಅತ್ತಿರ್ಲಿಕ್ಕಿಲ್ಲ ನೀನು. ಸಾಕು, ಏಳೋ. ನಮ್ಮೋರು ಇದ್ದಿದ್ರೆ ನಿನ್ನ ಆಟಕ್ಕೆ ಒಂದು ಕೋಳಿ ಕೊಡೋರು." ಮಗಳ ಕಡೆ ತಿರುಗಿ ಚಿತೆಂಗೆ ಸರಿಮಾಡಿಕೊಂಡಳು. "ಹಾಕಮ್ಮಾ ಈಗ. ಜನ ಕಾಯ್ತಿದಾರೆ."

ಜೆರೆ ನೆಲದ ಮೇಲೆ ಹಾಗೇ ಕೂತಿದ್ದ. ಎಂಗೋನಿ ಏನು ಹೇಳಿದರೂ ಆ ಅಂಗಳದಲ್ಲಿ ಅದು ನಗೆಯೇ. ಹೇಳಬೇಕಾದವಳು ಮಗಳು, ಸ್ವಂತ ಮನೆಯವಳು, ತಮಾಷೆಯ ಹಕ್ಕಿಲ್ಲದವಳು. ಮುಸೊಂಡಾ ಅಮ್ಮನ ಮುಂದೆ ಮಂಡಿಯೂರಿದಳು.

"ಬಮಾಯೋ, ಅವ್ರು ಹೇಳಿದ್ದು ನಿಜ. ಹಾಡು ಹೋಯ್ತು."

ನಗು ಒಮ್ಮೆಗೇ ನಿಲ್ಲಲಿಲ್ಲ. ಮುಂದೆ ಕೂತವರು ಮೊದಲು ಸುಮ್ಮನಾದರು, ಹಿಂದಿನವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾನಾ ಮುಸೊಂಡಾಳ ಮುಖದ ಮೇಲೆ ನಗು ಇನ್ನೂ ಇತ್ತು, ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಹೋಯ್ತು ಅಂದ್ರೆ?"

"ಇಲ್ಲ, ಬಮಾಯೋ. ಎಲ್ಲೂ ಇಲ್ಲ."

"ನೀನು ಕೇಳಿದೀಯಲ್ಲ. ಹಾಡಮ್ಮ ನೀನೇ."

ಮುಸೊಂಡಾ ಬಾಯಿ ತೆರೆದಳು. ರಾಗದ ಒಂದು ಎಳೆ ಬಂತು, ಅದೂ ಅವರದೇ ಬೇರೆ ಹಾಡಿನದೆಂದು ತಂಡದ ಹೆಂಗಸರಿಗೆಲ್ಲ ಗೊತ್ತಾಯಿತು. ಅವಳು ನಿಲ್ಲಿಸಿದಳು. ಅವಳಿಗೆ ನೆನಪಿದ್ದದ್ದು ಅವರ ಉಸಿರು, ಎರಡು ಸಾಲುಗಳ ನಡುವಿನ ಆ ಕೆಟ್ಟ ಎಳೆತ. ಮಾತು ಒಂದೂ ಇಲ್ಲ.

ಬಾನಾ ಮುಸೊಂಡಾ ಅಳಲಿಲ್ಲ, ಕೂಗಾಡಲಿಲ್ಲ. ಮುಂದಕ್ಕೆ ಬಾಗಿ, ಬೇರೆ ಯಾರಿಗೂ ಕೇಳಿಸದಂತೆ ಕೇಳಿದಳು: "ಅದ್ರಲ್ಲಿ ನನ್ನ ಹೆಸರಿತ್ತಾ?"

ಮುಸೊಂಡಾಗೆ ಗೊತ್ತಿರಲಿಲ್ಲ. ಆದರೂ ಬೇರೇನು ಹೇಳುವುದು? "ಇತ್ತು ಬಮಾಯೋ."

"ಯಾವ ಹೆಸರು?" ಅಮ್ಮನ ಕಣ್ಣು ಒಂದು ಸಲ ಬೆಳಗಿತು. "ಎಲ್ರೂ ಕರೆಯೋದಾ, ಇಲ್ಲಾ ಅವ್ರೊಬ್ರೇ ಕರೀತಿದ್ದದ್ದಾ?"

ತಂದೆ ಅಮ್ಮನನ್ನು ಬೇರೊಂದು ಹೆಸರಿನಿಂದ ಕರೆಯುತ್ತಿದ್ದರೆಂದು ಮುಸೊಂಡಾಗೆ ಇವತ್ತಿನವರೆಗೆ ತಿಳಿದೇ ಇರಲಿಲ್ಲ. "ಅವ್ರೊಬ್ರೇ ಕರೀತಿದ್ದದ್ದು," ಎಂದಳು.

"ಹೇಳು ಮತ್ತೆ. ಏನಂತ ಕರೆದ್ರು?"

ಮುಸೊಂಡಾ ತಲೆ ತಗ್ಗಿಸಿದಳು. ಬಾನಾ ಮುಸೊಂಡಾ ಮಗಳ ಕೆನ್ನೆ ಮುಟ್ಟಿ, ಚಾಪೆಯಿಂದ ನಿಧಾನವಾಗಿ ಎದ್ದು, ಅಡುಗೆಯವರ ಕಡೆ ಕೈ ಮಾಡಿ ಊಟ ಬಡಿಸಲು ಹೇಳಿದಳು.